ಬಾವಲಿಯ ನಾಮಕರಣ

ಸೂರ್ಯನು ಅರಬ್ಬೀ ಸಮುದ್ರದಲ್ಲಿ ಮುಳುಗಿ ಇನ್ನೂ ಒಂದು ಗಳಿಗೆ ಕಳೆಯದ ಹೊತ್ತಿನಲ್ಲಿ, ತೊಕ್ಕೊಟ್ಟಿನ ಗದ್ದಲವನ್ನು ಹಿಂದಿಕ್ಕಿ ಉಳ್ಳಾಲದ ಒಳಹಾದಿಗಳಲ್ಲಿ ಸಾಗುವವರು ಒಮ್ಮೆ ತಲೆಯೆತ್ತಿ ನೋಡುವಷ್ಟು ವ್ಯವಧಾನವುಳ್ಳವರಾದರೆ, ಒಂದೇ ಆಕಾಶದಲ್ಲಿ ಮೂರು ಬಗೆಯ ಹಾರಾಟವನ್ನು ಕಾಣಬಲ್ಲರು. ನೇತ್ರಾವತಿಯ ಅಳಿವೆಯನ್ನು ದಾಟಿಕೊಂಡು, ಕಾಗೆಯ ರೆಕ್ಕೆಗಿಂತಲೂ ಅಗಲವಾದ ರೆಕ್ಕೆಗಳನ್ನು ಅವಸರವಿಲ್ಲದೆ ಬೀಸುತ್ತ ನೇರವಾಗಿ ಹಣ್ಣಿನ ಮರಗಳೆಡೆಗೆ ಸಾಗುವುವು ದೊಡ್ಡ ಹಣ್ಣುಬಾವಲಿಗಳು. ಹಿತ್ತಿಲ ನಾಡಬಾದಾಮಿಯನ್ನೋ ಹೊನ್ನೆಯ ಮರವನ್ನೋ ಸುತ್ತುಹಾಕಿ, ಕಾಯೊಂದನ್ನು ಕಚ್ಚಿಕೊಂಡು ಇನ್ನೊಂದು ಮರದ ಮರೆಗೆ ಸರಿದು, ಮರುದಿನ ಅಂಗಳ ಗುಡಿಸುವವರಿಗೆ ಹಲ್ಲಿನ ಗುರುತುಳ್ಳ ಗೊರಟುಗಳನ್ನೂ ರಸಹೀರಿ ಉಗುಳಿದ ನಾರಿನ ಉಂಡೆಗಳನ್ನೂ ಬಿಟ್ಟುಹೋಗುವುವು ಗಿಡ್ಡಮೂತಿಯ ಹಣ್ಣುಬಾವಲಿಗಳು. ಹಂಚಿನ ಮಾಡಿನ ಸಂದಿನಿಂದ ಒಂದೊಂದಾಗಿ ಜಾರಿ ಹೊರಬಿದ್ದು, ಬೀದಿದೀಪದ ಸುತ್ತ ಅಡ್ಡಾದಿಡ್ಡಿಯಾಗಿ ತಿರುಗುತ್ತ ಹುಳಗಳನ್ನು ಹಿಡಿಯುವ, ಹೆಬ್ಬೆರಳಿನ ಗಾತ್ರದ ಜೀವಿಗಳು ಕೀಟಭಕ್ಷಿಗಳು. ಮೂರನ್ನೂ ಬಾವಲಿಯೆಂಬ ಒಂದೇ ಹೆಸರಿನಿಂದ ಕರೆದು ನಾವು ತೃಪ್ತರಾಗಿರುವೆವು. ಆದರೆ ಮೂರನೆಯ ಗುಂಪಿನಲ್ಲಿಯೇ ಎರಡು ಮೂರು ಜಾತಿಗಳು ಬೆರೆತಿರಬಹುದು; ಹಾರುತ್ತಿರುವಾಗ ಅವುಗಳನ್ನು ಬೇರ್ಪಡಿಸಿ ಹೇಳುವುದು ಬಲ್ಲವರಿಗೂ ದುಸ್ಸಾಧ್ಯ.

ಹೀಗಿರಲಾಗಿ, ಈವರೆಗೆ ಯಾವ ಗ್ರಂಥದಲ್ಲಿಯೂ ದಾಖಲಾಗದ ಬಾವಲಿಯೊಂದು ಕಣ್ಣೆದುರಿಗೇ ಹಾರಾಡುತ್ತಿದ್ದರೆ ಅದು ಹೊಸತೆಂದು ತಿಳಿಯುವುದಾದರೂ ಹೇಗೆ? ದುರ್ಗಮವಾದ ಅರಣ್ಯವನ್ನು ಹೊಕ್ಕು, ಪಂಜು ಹಿಡಿದು ಗುಹೆಯೊಳಗೆ ನುಸುಳಿದ ಸಾಹಸಿಯೊಬ್ಬನು ಯಾರೂ ಕಾಣದ ಪ್ರಾಣಿಯನ್ನು ಕಂಡು ಹೊರಬರುವನೆಂದು ಬಹುಜನರ ಕಲ್ಪನೆ. ಪಂಜೂ ಗುಹೆಯೂ ಸುಳ್ಳಲ್ಲ. ಆದರೆ ಗುಹೆಯಲ್ಲಿ ದೊರೆಯುವುದು ಬರಿಯ ಬಾವಲಿ. ಅದು ಹೊಸ ಜಾತಿಯಾಗುವುದು ಅಲ್ಲಿಂದ ಬಹುದೂರದಲ್ಲಿ, ಎಷ್ಟೋ ವರ್ಷಗಳ ತರುವಾಯ, ಹಳೆಯ ತಲೆಬುರುಡೆಗಳೂ ಮದ್ಯಸಾರದ ಶೀಸೆಗಳೂ ಹರಡಿಕೊಂಡಿರುವ ಒಂದು ಮೇಜಿನ ಮೇಲೆ. ಲೋಕದಲ್ಲಿ ಇಂದಿಗೆ ಹೆಸರು ಪಡೆದಿರುವ ಬಾವಲಿ ಜಾತಿಗಳು 1,400ನ್ನು ಮೀರಿವೆ. ಸ್ತನಿಗಳ ಜಾತಿಗಳಲ್ಲಿ ಐದರಲ್ಲೊಂದು ಬಾವಲಿ ಎಂದರೆ ತಪ್ಪಾಗದು. ಭಾರತದ ಪಾಲು 130ರ ಆಸುಪಾಸಿನಲ್ಲಿರುವುದು. ಉಷ್ಣವಲಯದ ದೇಶಗಳಿಂದ ಪ್ರತಿವರ್ಷವೂ ಈ ಪಟ್ಟಿಗೆ ಹೊಸ ಹೆಸರುಗಳು ಸೇರುತ್ತಿವೆ. 1758ರಲ್ಲಿ ತನ್ನ ಮಹಾಗ್ರಂಥದ ಹತ್ತನೆಯ ಆವೃತ್ತಿಯನ್ನು ಹೊರತಂದ ಲಿನೇಯಸ್ಸನು ಬಾವಲಿಗಳನ್ನು ಮನುಷ್ಯರ ಮತ್ತು ಕೋತಿಗಳ ಗಣದಲ್ಲಿಯೇ ಕೂಡಿಸಿಬಿಟ್ಟಿದ್ದನೆಂಬುದನ್ನು ನೆನೆದರೆ, ಈ ಶಾಸ್ತ್ರವು ಎಷ್ಟು ದೂರ ನಡೆದುಬಂದಿದೆಯೆಂಬುದು ವಿದಿತವಾದೀತು.

ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ನಾಮಕರಣದ ವೃತ್ತಾಂತ ಇಲ್ಲಿ ಉಚಿತವಾಗಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸಾಯತೊಡಗಿ, ಅದೇ ಜ್ವರವು ಮನುಷ್ಯರಿಗೂ ತಗಲಿದಾಗ, ಪುಣೆಯ ವಿಷಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮಲೆನಾಡಿಗೆ ಧಾವಿಸಿದರು. ರೋಗದ ವಿಷಾಣುವು ಯಾವ ಯಾವ ಪ್ರಾಣಿಯಲ್ಲಿ ಅಡಗಿರಬಹುದೆಂಬ ಶೋಧವು ಮಂಗನಿಂದ ಇಲಿಗೆ, ಇಲಿಯಿಂದ ಹಕ್ಕಿಗೆ, ಹಕ್ಕಿಯಿಂದ ಬಾವಲಿಗೆ ಸಾಗಿ, 1969ರಲ್ಲಿ ಲಾಳಮೂಗಿನ ಬಾವಲಿಯೊಂದರಿಂದಲೂ ಅದರ ಉಣ್ಣೆಗಳಿಂದಲೂ ಆ ವಿಷಾಣುವನ್ನು ಬೇರ್ಪಡಿಸಿದ ವರದಿ ಪ್ರಕಟವಾಯಿತು. ಜ್ವರದ ಬೆನ್ನು ಹತ್ತಿದವರು ಹೀಗೆ ಬಾವಲಿಗಳ ಬೆನ್ನನ್ನೂ ಹತ್ತಬೇಕಾಯಿತು. ಅದೇ ಸಂಸ್ಥೆಯ ಎಚ್. ಆರ್. ಭಟ್ಟರು ಕರ್ನಾಟಕದ ಬಾವಲಿಗಳನ್ನು ಬಹುಕಾಲ ಅಭ್ಯಾಸ ಮಾಡಿ, ಕೋಲಾರದ ಸಮೀಪದ ಹನುಮನಹಳ್ಳಿಯ ಕಡೆ ದೊರೆತ ಎಲೆಮೂಗಿನ ಪುಟ್ಟ ಬಾವಲಿಯೊಂದನ್ನು, ಜರ್ಮನಿಯ ಫ್ರಾಂಕ್‌ಫರ್ಟಿನ ಸೆಂಕೆನ್‌ಬರ್ಗ್ ವಸ್ತುಸಂಗ್ರಹಾಲಯದ ಡೀಟರ್ ಕೊಕ್ ಅವರೊಡಗೂಡಿ, 1994ರಲ್ಲಿ ಹಿಪ್ಪೊಸಿಡೆರೋಸ್ ಹೈಪೋಫಿಲ್ಲಸ್ ಎಂಬ ಹೊಸ ಜಾತಿಯಾಗಿ ಲೋಕದ ಮುಂದಿರಿಸಿದರು. ಕೋಲಾರದ ಎಲೆಮೂಗಿನ ಬಾವಲಿಯೆಂದು ಅದಕ್ಕೆ ರೂಢಿಯ ಹೆಸರು. ಚಿನ್ನದ ಗಣಿಗೆ ಹೆಸರಾದ ಸೀಮೆಯಲ್ಲಿ, ಬೋಳು ಕಲ್ಲುಗುಡ್ಡಗಳ ನಡುವೆ ಅದು ದೊರಕಿದ್ದು ನನಗೆ ಪಶ್ಚಿಮ ಘಟ್ಟದ ಯಾವ ಶೋಧಕ್ಕಿಂತಲೂ ಹೆಚ್ಚಿನ ಕೌತುಕವನ್ನುಂಟುಮಾಡುವ ಸಂಗತಿಯಾಗಿದೆ. ಹೊಸ ಪ್ರಾಣಿಯೆಂದರೆ ದಟ್ಟಡವಿಯಲ್ಲಿಯೇ ಇರತಕ್ಕದ್ದೆಂಬ ನಿಯಮವನ್ನು ಪ್ರಕೃತಿಯು ಒಪ್ಪಿಕೊಂಡಿಲ್ಲ.

ಎಲೆಮೂಗಿನ ಕುಲದ ಬಾವಲಿಯನ್ನು ಕೈಯಲ್ಲಿ ಹಿಡಿದವರು ಮೊದಲು ನೋಡುವುದು ಮುಖವನ್ನು. ಮೂಗಿನ ಹೊಳ್ಳೆಗಳ ಸುತ್ತ ತೆಳ್ಳನೆಯ ಚರ್ಮವು ಮಡಿಕೆಮಡಿಕೆಯಾಗಿ ಎದ್ದುನಿಂತಿರುವುದು. ಕೆಳಭಾಗ ಲಾಳದಾಕಾರದ್ದು, ಮೇಲ್ಭಾಗ ಅಡ್ಡವಾಗಿ ಹಬ್ಬಿದ ದಿಂಡು, ಇಕ್ಕೆಲಗಳಲ್ಲಿ ಉಪಪತ್ರಗಳೆನ್ನಬಹುದಾದ ಕಿರುಮಡಿಕೆಗಳು. ಬೇರೆ ಅನೇಕ ಬಾವಲಿಗಳು ಬಾಯಿತೆರೆದು ಕೂಗಿದರೆ ಇವು ಬಾಯಿಮುಚ್ಚಿಕೊಂಡು ಮೂಗಿನಿಂದಲೇ ಕೂಗುವುವು. ಆ ಧ್ವನಿಯನ್ನು ಒಂದೇ ದಿಕ್ಕಿಗೆ ಕೂಡಿಸಿ ಎಸೆಯುವ ಉಪಕರಣವೇ ಈ ಮೂಗಿನ ಎಲೆ. ಉಪಪತ್ರಗಳು ಪ್ರತಿಪಕ್ಕದಲ್ಲಿ ಎಷ್ಟಿವೆ, ಹೊಳ್ಳೆಗಳ ನಡುವಿನ ಗೋಡೆಯು ಉಬ್ಬಿದೆಯೋ ನೇರವಾಗಿದೆಯೋ, ಲಾಳದ ಅಂಚಿನ ನಡುವೆ ಸೀಳುಂಟೋ ಇಲ್ಲವೋ ಎಂಬ ಪ್ರಶ್ನೆಗಳಿಗೆ ಕೈಮಸೂರದಡಿಯಲ್ಲಿ ಉತ್ತರ ಹುಡುಕಬೇಕು. ಅನಂತರ ಮೊಣಕೈಯಿಂದ ಮಣಿಕಟ್ಟಿನವರೆಗಿನ ಮುಂದೋಳನ್ನು ಕ್ಯಾಲಿಪರಿನಿಂದ ಅಳೆಯುವರು. ಇಂಥ ಪುಟ್ಟ ಎಲೆಮೂಗಿನವುಗಳಲ್ಲಿ ಅದು ಸುಮಾರು 4 ಸೆಂಟಿಮೀಟರು. ಅರ್ಧ ಮಿಲಿಮೀಟರಿನ ತಪ್ಪಳತೆಯೂ ನಿರ್ಣಯವನ್ನು ಕೆಡಿಸಬಲ್ಲುದಾದ್ದರಿಂದ ಒಂದೇ ಎಲುಬನ್ನು ಮತ್ತೆ ಮತ್ತೆ ಅಳೆಯುವ ಪದ್ಧತಿಯಿರುವುದು. ಕಿವಿ, ಬಾಲ, ಪಾದ, ಬೆರಳುಗಳ ಒಂದೊಂದು ಗೆಣ್ಣು, ತೂಕ, ರೋಮದ ಬುಡದ ಬಣ್ಣ ಮತ್ತು ತುದಿಯ ಬಣ್ಣ, ಇವೆಲ್ಲ ಪುಸ್ತಕಕ್ಕೇರುವುವು. ಗಂಡಿನ ಜನನೇಂದ್ರಿಯದೊಳಗಿನ, ಕೂದಲೆಳೆಯಷ್ಟು ಸಪುರವಾದ ಒಂದು ಎಲುಬಿನ ಆಕಾರವೇ ಎಷ್ಟೋ ಬಾರಿ ಕೊನೆಯ ತೀರ್ಪನ್ನು ನೀಡುವುದು. ಹೊರಗಿನಿಂದ ಅವಳಿಗಳಂತಿರುವ ಎರಡು ಜಾತಿಗಳಲ್ಲಿ ಇದೊಂದು ಮಾತ್ರ ಬೇರೆಯಾಗಿರುವುದುಂಟು.

ಅಳತೆಗಳಿಂದ ಮಾತ್ರವೇ ಹೊಸತನವು ಸಿದ್ಧಿಸುವುದಿಲ್ಲ. ಈವರೆಗೆ ಹೆಸರಿಸಿರುವ ಹತ್ತಿರದ ಜಾತಿಗಳಲ್ಲಿ ಯಾವುದೊಂದೂ ಇದಲ್ಲವೆಂದು ತೋರಿಸಿಕೊಡಬೇಕು. ಹಾಗೆ ತೋರಿಸಲು ಆ ಜಾತಿಗಳ ಮೂಲಮಾದರಿಗಳ, ಎಂದರೆ ಹೆಸರಿಡುವಾಗ ಆಧಾರವಾಗಿಟ್ಟುಕೊಂಡ ಪ್ರಾಣಿಗಳ, ಮುಂದೆ ಹೋಗಿ ನಿಲ್ಲಬೇಕು. ನಮ್ಮ ಜಿಲ್ಲೆಯ ಭೂವ್ಯಾಜ್ಯಗಳಲ್ಲಿ ವಕೀಲರು ಹತ್ತು ನಕಲುಗಳನ್ನು ಬದಿಗೆ ಸರಿಸಿ, ಮೊದಲ ಮೂಲಗೇಣಿ ಚೀಟನ್ನೇ ಹಾಜರುಪಡಿಸಿರೆಂದು ಪಟ್ಟುಹಿಡಿಯುವಂತೆ, ಪ್ರಾಣಿಶಾಸ್ತ್ರದಲ್ಲಿಯೂ ಹೆಸರಿನ ಹಕ್ಕು ಒಂದೇ ಒಂದು ಪ್ರಾಣಿಯ ದೇಹದಲ್ಲಿ ನೆಲೆಸಿರುವುದು. 2000ನೆಯ ಇಸವಿಯಿಂದೀಚೆಗಂತೂ ಅಂಥ ಮೂಲಮಾದರಿಯನ್ನು ಸ್ಪಷ್ಟವಾಗಿ ನಿರ್ದೇಶಿಸದ ಹೊಸ ಹೆಸರನ್ನು ಅಂತಾರಾಷ್ಟ್ರೀಯ ನಾಮಕರಣ ಸಂಹಿತೆಯು ಊರ್ಜಿತವೆಂದು ಎಣಿಸುವುದಿಲ್ಲ. ನಮ್ಮ ದುರ್ದೈವವೆಂದರೆ, ನಮ್ಮ ನೆಲದ ಪ್ರಾಣಿಗಳ ಮೂಲಮಾದರಿಗಳಲ್ಲಿ ಅನೇಕವು ನಮ್ಮಲ್ಲಿಲ್ಲ. ಕೊಡಗಿನ ಅರಸರ ಹೆಸರಿನೊಡನೆ ನಾವು ಕೇಳಿಬಲ್ಲ ಹಾಲೇರಿಯಿಂದ ಹೋದ ಎಲೆಮೂಗಿನ ಬಾವಲಿಯೊಂದನ್ನು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಕುಳಿತು ಹಿಪ್ಪೊಸಿಡೆರೋಸ್ ಪೊಮೋನಾ ಎಂದು ಹೆಸರಿಸಿದವನು ಡೆನ್ಮಾರ್ಕಿನ ಕ್ನೂಡ್ ಆಂಡರ್ಸನ್. ಆ ವಿವರಣೆ ಅಚ್ಚಾದದ್ದು 1918ರಲ್ಲಿ. ಅದೇ ವರ್ಷ ಆತನು ಎಲ್ಲಿಗೆ ಹೋದನೆಂಬುದೇ ಯಾರಿಗೂ ತಿಳಿಯದಂತೆ ಕಣ್ಮರೆಯಾದನು. ಅದಕ್ಕೂ ಮೊದಲು, 1913ರಲ್ಲಿ, ನಮ್ಮ ಜೋಗದ ಜಲಪಾತದ ಬಳಿಯ ಬಾವಲಿಯೊಂದು ರಾಟನ್ ಮತ್ತು ರೈಲಿ ಎಂಬವರಿಂದ ಮಯೋಟಿಸ್ ಪೇಟೋನಿ ಎಂಬ ಹೆಸರನ್ನು ಪಡೆದಿತ್ತು.

ಹೆಸರು ಕೊಟ್ಟ ಮಾತ್ರಕ್ಕೆ ಅದು ಉಳಿದೇ ಉಳಿಯುವುದೆಂಬ ಭರವಸೆಯಿಲ್ಲ. ಮುಂದಿನ ವಿದ್ವಾಂಸರು ಜೋಗದ ಆ ಬಾವಲಿಯನ್ನು ಬೇರೊಂದು ಜಾತಿಯ ಉಪಜಾತಿಯೆಂದು ತಗ್ಗಿಸಿದರು. ನೂರು ವರ್ಷಗಳು ಕಳೆದ ತರುವಾಯ, 2013ರಲ್ಲಿ, ಮತ್ತೊಂದು ಪರಿಶೀಲನೆಯಿಂದ ಅದು ಸ್ವತಂತ್ರ ಜಾತಿಯ ಸ್ಥಾನವನ್ನು ಮರಳಿ ಪಡೆಯಿತು. ಹಾಲೇರಿಯ ಬಾವಲಿಗೆ ಒದಗಿದ್ದು ಇದಕ್ಕೆ ವಿಪರೀತವಾದ ಗತಿ. ಬರ್ಮಾದಿಂದ ಚೀನಾದವರೆಗೂ ಹರಡಿದ್ದ ಅದರ ಬಂಧುವನ್ನು ಪೊಮೋನಾ ಎಂಬ ಒಂದೇ ಹೆಸರಿನಡಿ ಕೂಡಿಸಿದ್ದರಿಂದ, ಕೊಡಗಿನ ಪ್ರಾಣಿಯು ಏಷ್ಯಾಖಂಡದ ಅರ್ಧಭಾಗಕ್ಕೆ ಸಾಮಾನ್ಯವಾದ, ಚಿಂತೆಗೆ ಕಾರಣವೇ ಇಲ್ಲದ ಜೀವಿಯೆಂಬಂತೆ ಕಾಣತೊಡಗಿತು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಭಾರ್ಗವಿ ಶ್ರೀನಿವಾಸುಲು ಮತ್ತು ಚೆಲ್ಮಲ ಶ್ರೀನಿವಾಸುಲು 2018ರಲ್ಲಿ ಮೂಗಿನ ಎಲೆಯನ್ನೂ ನಾನು ಮೇಲೆ ಹೇಳಿದ ಆ ಸೂಕ್ಷ್ಮವಾದ ಎಲುಬನ್ನೂ ಹೋಲಿಸಿ ನೋಡಿ, ದಕ್ಷಿಣ ಭಾರತದ್ದೇ ಬೇರೆ, ಪೂರ್ವದೇಶಗಳದ್ದೇ ಬೇರೆ ಎಂದು ಸಾಧಿಸಿದರು. ಹಾಗೆ ಬೇರ್ಪಡಿಸಿದೊಡನೆ ಕೊಡಗಿನ ಬಾವಲಿಯ ರಾಜ್ಯವು ದಕ್ಷಿಣ ಭಾರತದ ಮಟ್ಟಿಗೆ ಕುಗ್ಗಿತು. ಪ್ರಾಣಿಗಳ ಸಂಖ್ಯೆ ಒಂದೂ ಕಡಿಮೆಯಾಗಲಿಲ್ಲ. ಆದರೆ ಅವುಗಳ ಕುರಿತು ನಾವು ಪಡಬೇಕಾದ ಕಾಳಜಿ ರಾತ್ರಿ ಬೆಳಗಾಗುವುದರೊಳಗೆ ಇಮ್ಮಡಿಯಾಯಿತು.

ಮೇಜಿನ ಮೇಲೆ ಹೊಸ ಜಾತಿಯು ಹುಟ್ಟುವುದೆಂಬ ನನ್ನ ಮಾತು ಅತಿಶಯೋಕ್ತಿಯೆಂದು ಭಾವಿಸುವವರು ಸಾಲಿಂ ಅಲಿಯವರ ಹೆಸರಿನ ಹಣ್ಣುಬಾವಲಿಯ ಕಥೆಯನ್ನು ಕೇಳಬೇಕು. ತಮಿಳುನಾಡಿನ ಮೇಘಮಲೆಯ ತೋಟಗಳಲ್ಲಿದ್ದ ಆಂಗಸ್ ಹಟ್ಟನ್ ಎಂಬ ನಿಸರ್ಗಪ್ರೇಮಿಯು 1948ರಲ್ಲಿ ಹಿಡಿದ ಬಾವಲಿಯೊಂದು ಮುಂಬಯಿಯ ನಿಸರ್ಗೇತಿಹಾಸ ಸಂಘದ ಸಂಗ್ರಹವನ್ನು ಸೇರಿ, ಉಳ್ಳಾಲದ ಹಿತ್ತಿಲಲ್ಲಿಯೂ ಸಿಕ್ಕುವ ಆ ಗಿಡ್ಡಮೂತಿಯ ಹಣ್ಣುಬಾವಲಿಯ ಚೀಟಿಯನ್ನು ಹೊತ್ತುಕೊಂಡು ಎರಡು ದಶಕಗಳಿಗೂ ಹೆಚ್ಚು ಕಾಲ ಪೆಟ್ಟಿಗೆಯಲ್ಲಿ ಮಲಗಿತ್ತು. ಥಾಯ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಕಿಟ್ಟಿ ತೊಂಗ್‌ಲೊಂಗ್ಯ ಅದನ್ನು ಎತ್ತಿ ನೋಡಿದಾಗ, ಗಿಡ್ಡಮೂತಿಯದಕ್ಕೆ ಇರಬೇಕಾದ ಬಾಲವು ಅದಕ್ಕಿರಲಿಲ್ಲ, ಹಲ್ಲುಗಳು ಅಗಲವಾಗಿದ್ದುವು, ಬಾಚಿಹಲ್ಲುಗಳ ಸಂಖ್ಯೆಯೂ ಹೊಂದಲಿಲ್ಲ. ಹೊಸ ಜಾತಿಯೆಂದಷ್ಟೇ ಹೇಳಿ ಸುಮ್ಮನಿರಲು ಸಾಧ್ಯವಾಗದೆ, ಹೊಸ ಕುಲವನ್ನೇ ಸ್ಥಾಪಿಸಿ, 1972ರಲ್ಲಿ ಆತನು ಅದಕ್ಕೆ ಲ್ಯಾಟಿಡೆನ್ಸ್ ಸಲೀಮಲಿಯೈ ಎಂಬ ಹೆಸರನ್ನಿಟ್ಟನು. ಜೀವಮಾನವಿಡೀ ಹಕ್ಕಿಗಳ ಹಿಂದೆ ನಡೆದ ಮಹನೀಯರ ಹೆಸರು ಒಂದು ಬಾವಲಿಗೆ ಸಂದದ್ದು ಈ ಶಾಸ್ತ್ರದ ವಿನೋದಗಳಲ್ಲೊಂದು. ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಧೂಳು ಹಿಡಿದ ಶೀಸೆಗಳನ್ನು ಹೊರಗೆ ಸಾಗಹಾಕುವ ಮುನ್ನ ಒಂದಿಷ್ಟು ಆಲೋಚಿಸುವುದು ಒಳಿತೆಂದು ಇದರಿಂದ ತೋರುವುದು.

ಈಚಿನ ದಶಕಗಳಲ್ಲಿ ಕಣ್ಣಿಗೆ ಕಿವಿಯ ನೆರವೂ ದೊರೆತಿರುವುದು. ಬಾವಲಿಗಳು ಮನುಷ್ಯನ ಕಿವಿಗೆ ನಿಲುಕದ ಧ್ವನಿಯನ್ನು ಹೊರಡಿಸುವುವೆಂದು 1938ರಲ್ಲಿ ಅಮೆರಿಕದ ಡೊನಾಲ್ಡ್ ಗ್ರಿಫಿನ್ ಮತ್ತು ಪಿಯರ್ಸ್ ತೋರಿಸಿಕೊಟ್ಟರು. ಅದನ್ನು ನಮ್ಮ ಕಿವಿಗೆ ಕೇಳುವಂತೆ ತಗ್ಗಿಸಿಕೊಡುವ ಯಂತ್ರಗಳು ಈಗ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವಾಗಿವೆ. ಬ್ರಿಟನ್ನಿನಲ್ಲಿ ಅತಿ ಸಾಮಾನ್ಯವೆನಿಸಿದ್ದ ಪಿಪಿಸ್ಟ್ರೆಲ್ ಎಂಬ ಕಿರುಬಾವಲಿಗಳಲ್ಲಿ ಕೆಲವು 45 ಕಿಲೋಹರ್ಟ್ಸ್‌ನಲ್ಲಿಯೂ ಕೆಲವು 55ರಲ್ಲಿಯೂ ಕೂಗುತ್ತಿರುವುದು 1990ರ ದಶಕದಲ್ಲಿ ಗಮನಕ್ಕೆ ಬಂದು, ಆನುವಂಶಿಕ ಪರೀಕ್ಷೆಯೂ ಅದನ್ನು ಸಮರ್ಥಿಸಿದ್ದರಿಂದ, ಒಂದು ಜಾತಿಯು ಎರಡಾಯಿತು. ಶತಮಾನಗಳ ಕಾಲ ವಿದ್ವಾಂಸರ ಮನೆಯ ಮಾಡಿನಲ್ಲಿಯೇ ನೆಲೆಸಿದ್ದ ಪ್ರಾಣಿಯ ವಿಷಯದಲ್ಲಿ ಹೀಗಾದುದಾದರೆ, ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಕರಾವಳಿಯ ಮಾಡುಗಳಡಿ ಸೇರಿಕೊಂಡಿರುವ ಪಿಪಿಸ್ಟ್ರೆಲ್ಲುಗಳ ಬಗೆಗೆ ನಾವು ಎಲ್ಲವನ್ನೂ ಬಲ್ಲೆವೆಂದು ಹೇಳುವ ಧೈರ್ಯ ಯಾರಿಗುಂಟು? ರೆಕ್ಕೆಯ ಪೊರೆಯಿಂದ ಎಳ್ಳುಕಾಳಿನಷ್ಟು ಚರ್ಮವನ್ನು ಕತ್ತರಿಸಿ ತೆಗೆದು, ಪ್ರಾಣಿಯನ್ನು ಹಾರಲು ಬಿಟ್ಟು, ಆ ತುಣುಕಿನಿಂದಲೇ ಡಿಎನ್‌ಎ ಓದುವ ವಿಧಾನವೂ ಇಂದು ಬಳಕೆಯಲ್ಲಿರುವುದು. ಕತ್ತರಿಸಿದ ಗಾಯ ಕೆಲವೇ ವಾರಗಳಲ್ಲಿ ಮಾಯುವುದು. ಆದರೆ ಡಿಎನ್‌ಎ ಒಂದನ್ನೇ ನಂಬಿ ಜಾತಿಗಳನ್ನು ಒಡೆಯುತ್ತ ಹೋಗುವ ಆತುರವನ್ನು ನಾನು ಮೆಚ್ಚಲಾರೆ. ಮೂಗು, ಹಲ್ಲು, ಎಲುಬು, ಕೂಗು ಮತ್ತು ಅನುವಂಶ ಇವೆಲ್ಲ ಒಂದೇ ಮಾತನ್ನು ಹೇಳಿದಾಗಲೇ ತೀರ್ಪು ಗಟ್ಟಿಯಾಗುವುದು.

ಹೊಸ ಜಾತಿಯು ಮನೆಬಾಗಿಲಲ್ಲಿಯೇ ಇರಬಹುದೆಂಬುದಕ್ಕೆ ಉಳ್ಳಾಲದವರು ಸಾಕ್ಷಿಗಾಗಿ ದೂರ ಹೋಗಬೇಕಾದ್ದಿಲ್ಲ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಸಂಶೋಧಕರು ಜೊತೆಗಾರರೊಡನೆ 2018ರಲ್ಲಿ ಮಂಗಳೂರಿನ ಕಡಲತಡಿಯ ಕೈಗಾರಿಕಾ ಪ್ರದೇಶದಿಂದ, ಹಿಂದೆ ಮರದ ದಿಮ್ಮಿಗಳನ್ನು ಪೇರಿಸುತ್ತಿದ್ದ ಜಾಗದಿಂದ, ಪುಟ್ಟ ಕಪ್ಪೆಯೊಂದನ್ನು ಹೊಸ ಜಾತಿಯೆಂದು ವಿವರಿಸಿ, ಊರಿನ ಕೊಂಕಣಿ ಹೆಸರನ್ನೇ ಕೊಟ್ಟು ಮೈಕ್ರೋಹೈಲ ಕೊಡಿಯಾಲ್ ಎಂದು ಕರೆದರು. ಅದರ ಸಮೀಪಬಂಧುಗಳಿರುವುದು ಆಗ್ನೇಯ ಏಷ್ಯಾದಲ್ಲಿ; ಬಂದರಿಗೆ ಬಂದ ದಿಮ್ಮಿಗಳೊಡನೆ ಅದರ ಪೂರ್ವಜರು ಬಂದಿಳಿದಿರಬಹುದೆಂದು ಊಹೆ. ತವರಿನಲ್ಲಿ ಯಾರೂ ಹೆಸರಿಡದ ಜೀವಿಗೆ ಪರವೂರಿನಲ್ಲಿ ನಾಮಕರಣವಾದಂತಾಯಿತು.

ಇಷ್ಟೆಲ್ಲ ಶ್ರಮಪಟ್ಟು ಹೆಸರಿಡುವುದರಿಂದ ಬಾವಲಿಗೆ ಬಂದ ಭಾಗ್ಯವೇನೆಂದು ಕೇಳುವವರುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಣ್ಣುಬಾವಲಿಗಳನ್ನು ಕಾಗೆ, ಇಲಿಗಳೊಡನೆ ಐದನೆಯ ಅನುಸೂಚಿಯಲ್ಲಿ ಉಪದ್ರವಕಾರಿಗಳೆಂದು ಸೇರಿಸಿತು. ಕೀಟಭಕ್ಷಿಗಳಲ್ಲಿ ಬಹುತೇಕ ಯಾವ ಅನುಸೂಚಿಯಲ್ಲಿಯೂ ಇರಲಿಲ್ಲ. ಆ ಐದನೆಯ ಅನುಸೂಚಿಯು ಹೋದದ್ದು 2022ರ ತಿದ್ದುಪಡಿಯಿಂದ. ಅದಕ್ಕೆ ಮೊದಲೇ ರಕ್ಷಣೆಯನ್ನು ಪಡೆದ ಎರಡು ಬಾವಲಿಗಳು, ಹೆಸರು ಹಿಡಿದು ಕಾಯಿದೆಯ ಮೊದಲನೆಯ ಅನುಸೂಚಿಗೆ ಏರಿದವು: ಒಂದು ಸಾಲಿಂ ಅಲಿಯವರ ಹೆಸರಿನದು, ಇನ್ನೊಂದು ರಾಟನ್ನನ ಹೆಸರಿನ, ಉದ್ದಕಿವಿಗಳ ಬಾವಲಿ. ಬೆಳಗಾವಿ ಜಿಲ್ಲೆಯ ತಳೇವಾಡಿಯ ಬಳಿ ಬಾರಾಪೆಡೆ ಗುಹೆಗಳಲ್ಲಿ ಪ್ರೇಟರ್ ಎಂಬವನಿಗೆ ದೊರೆತ ಇದನ್ನು 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ವಿವರಿಸಿದನು. 2000ದ ಸುಮಾರಿಗೆ ಕಾಂಬೋಡಿಯದಲ್ಲಿ ಒಂದು ಸಿಕ್ಕುವವರೆಗೂ, ಮುಂದೆ ಮೇಘಾಲಯದಲ್ಲಿ ಕಾಣಿಸಿಕೊಳ್ಳುವವರೆಗೂ, ಇಡೀ ಭೂಮಂಡಲದಲ್ಲಿ ಅದಕ್ಕಿದ್ದ ವಿಳಾಸ ಖಾನಾಪುರ ತಾಲ್ಲೂಕಿನ ಆ ಗುಹೆಗಳು ಮಾತ್ರ. ಈಗ ಅವು ಭೀಮಗಡ ವನ್ಯಧಾಮದೊಳಗಿವೆ.

ಕೋಲಾರದ ಬಾವಲಿಯ ಪಾಡು ಇದಕ್ಕಿಂತ ಕಷ್ಟದ್ದು. ಅದರ ಗುಡ್ಡಗಳು ಕಲ್ಲುಗಣಿಗಾರರಿಗೂ ಬೇಕಾದವು. ಹಿಂದೆ ಅದು ವಾಸವಾಗಿದ್ದ ತೇರಹಳ್ಳಿಯ ಕಡೆಯ ನೆಲೆ ಬರಿದಾಗಿ, ಹನುಮನಹಳ್ಳಿಯ ಗುಹೆಯೊಂದೇ ಉಳಿಯಿತು; ಎಣಿಕೆಯೊಂದರಲ್ಲಿ ಅಲ್ಲಿ 200ಕ್ಕೂ ಕಡಿಮೆ ಬಾವಲಿಗಳು ಕಂಡುಬಂದವು. ವರ್ಷಕ್ಕೊಂದೇ ಮರಿಯನ್ನು ಹಾಕುವ ಪ್ರಾಣಿಗೆ ಈ ಸಂಖ್ಯೆಯು ಎಷ್ಟು ಅಪಾಯಕಾರಿಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 2016ರಲ್ಲಿ ಅದು ಜಾಗತಿಕ ಕೆಂಪುಪಟ್ಟಿಯಲ್ಲಿ ತೀವ್ರ ಅಪಾಯದ ಅಂಚಿನಲ್ಲಿರುವ ಜಾತಿಯೆಂದು ಸೇರಿತು. ಬೆಂಗಳೂರಿನ ರಾಜೇಶ್ ಪುಟ್ಟಸ್ವಾಮಯ್ಯನವರ ಬಾವಲಿ ಸಂರಕ್ಷಣಾ ಟ್ರಸ್ಟೂ ಉಸ್ಮಾನಿಯಾದ ಸಂಶೋಧಕರೂ ಅರಣ್ಯ ಇಲಾಖೆಯೂ ಕೈಜೋಡಿಸಿದ್ದರಿಂದ ಗುಹೆಗಳ ಸುತ್ತಲಿನ ಸುಮಾರು 30 ಎಕರೆ ನೆಲವು ಸಂರಕ್ಷಿತವೆಂದು ಘೋಷಿತವಾಯಿತು. 1994ರಲ್ಲಿ ಹೆಸರಿಡದಿದ್ದರೆ ಅರ್ಜಿ ಬರೆಯುವುದಕ್ಕೂ ಒಂದು ಕರ್ತೃಪದವಿರುತ್ತಿರಲಿಲ್ಲ. ಗುಡ್ಡ ಹೋಗುವಾಗ ಒಂದಷ್ಟು ಬಾವಲಿಗಳೂ ಹೋದವೆಂದು ಯಾರಾದರೂ ಆಡಿಕೊಂಡು ಮರೆತುಬಿಡುತ್ತಿದ್ದರು.

ಗುರುತಿಸುವ ವಿದ್ಯೆಯು ನಮ್ಮ ಸ್ವಂತ ರಕ್ಷಣೆಗೂ ಬೇಕಾದದ್ದು. 2018ರ ಮೇ ತಿಂಗಳಲ್ಲಿ ಕೋಳಿಕ್ಕೋಡು ಜಿಲ್ಲೆಯ ಪೇರಾಂಬ್ರದ ಸಮೀಪ ನಿಫಾ ಜ್ವರವು ಕಾಣಿಸಿಕೊಂಡು ಗಡಿಯಾಚೆಯ ನಮ್ಮ ಜಿಲ್ಲೆಯವರೆಗೂ ಭೀತಿ ಹಬ್ಬಿದಾಗ, ಮೊದಲು ರೋಗ ತಗಲಿದ ಮನೆಯವರ ಬಾವಿಯಲ್ಲಿದ್ದ ಬಾವಲಿಗಳನ್ನು ಹಿಡಿದು ಪರೀಕ್ಷೆಗೆ ಕಳುಹಿಸಲಾಯಿತು. ಅವು ಕೀಟಭಕ್ಷಿಗಳು, ಅವುಗಳಲ್ಲಿ ವಿಷಾಣು ಸಿಕ್ಕಲಿಲ್ಲ. ನಿಫಾದ ಸಹಜ ಆಶ್ರಯವಾದ ದೊಡ್ಡ ಹಣ್ಣುಬಾವಲಿಗಳನ್ನು ಅನಂತರ ಪರೀಕ್ಷಿಸಿದಾಗ ಸಿಕ್ಕಿತು. ಬಾವಲಿಯೆಂಬ ಒಂದೇ ಹೆಸರಿಗೆ ಹೆದರಿದವರು ಮಾಡಿನ ಸಂದಿನ ಪುಟ್ಟ ಜೀವಿಗಳಿಗೆ ಹೊಗೆ ಹಾಕಿದರೆ ರೋಗವು ತಗ್ಗುವುದಿಲ್ಲ, ಬೀದಿದೀಪದ ಹುಳಗಳು ಮಾತ್ರ ಹೆಚ್ಚುವುವು.

ಉಳ್ಳಾಲ, ಸೋಮೇಶ್ವರ, ಪೆರ್ಮನ್ನೂರಿನ ಹಳೆಯ ಹಂಚಿನ ಮನೆಗಳು ಒಂದೊಂದಾಗಿ ಇಳಿದು ತಾರಸಿಯ ಕಟ್ಟಡಗಳು ಏಳುತ್ತಿರುವ ಕಾಲವಿದು. ಮಾಡು ಇಳಿಸುವ ಮುನ್ನ ಅಟ್ಟದಲ್ಲಿಯೋ ಪಾಳುಬಾವಿಯ ಪೊಟರೆಯಲ್ಲಿಯೋ ಬಾವಲಿಗಳ ಗುಂಪು ಕಂಡುಬಂದರೆ, ಹೊಗೆ ಹಾಕದೆ, ರೇಬೀಸಿನ ಭಯವೂ ಇರುವುದರಿಂದ ಬರಿಗೈಯಲ್ಲಿ ಮುಟ್ಟದೆ, ದೂರದಿಂದಲೇ ಒಂದು ಚಿತ್ರ ತೆಗೆದು ಅರಣ್ಯ ಇಲಾಖೆಗೋ ಕೊಣಾಜೆಯ ಪ್ರಾಣಿಶಾಸ್ತ್ರ ವಿಭಾಗಕ್ಕೋ ತಿಳಿಸಿರೆಂದು ಓದುಗರಲ್ಲಿ ನನ್ನ ಪ್ರಾರ್ಥನೆ. ಮರಿಗಳಿನ್ನೂ ತಾಯಿಯ ಹೊಟ್ಟೆಗೆ ಅಂಟಿಕೊಂಡಿರುವುದು ಕಂಡರೆ, ಅವು ಹಾರಲು ಕಲಿಯುವವರೆಗೆ ಕೆಲಸವನ್ನು ಕೆಲವು ವಾರ ಮುಂದಕ್ಕೆ ಹಾಕಿರಿ.